ಬಿಡಿಸಿಕೊಂಡು ತಂದ ಡಾಕ್ಟರು

ಜಾದಿರಾ ನಮ್ಮ ಕರಾಸಾಯ್ ಹಳ್ಳಿಯ ಆಸ್ಪತ್ರೆಗೆ ಬರುವ ಮುಂಚೆ ನಾಲ್ಕು ವರ್ಷ ಅಲ್ಲಿ ಡಾಕ್ಟರೇ ಇರಲಿಲ್ಲ. ಹೆರಿಗೆಗೂ ಹಲ್ಲುನೋವಿಗೂ ಕುದುರೆ ಒದ್ದವರಿಗೂ ನರ್ಸಾದ ನಾನೊಬ್ಬಳೇ. ಸರ್ಕಾರದ ದುಡ್ಡಿನಲ್ಲಿ ಓದಿದ ಈ ಹುಡುಗಿ, ಮೂರು ವರ್ಷ ಹಳ್ಳಿಯಲ್ಲಿ ದುಡಿಯುತ್ತೇನೆಂದು ಸಹಿ ಹಾಕಿ ಬಂದಾಗ, ಅವಳ ಮನೆಗೆ ಸುಣ್ಣ ಬಳಿದವಳೂ ನಾನೇ, ಒಲೆ ಹೊತ್ತಿಸಲು ಕಲಿಸಿದವಳೂ ನಾನೇ. ಎಂಟೇ ತಿಂಗಳಿಗೆ ಹೊರಟು ನಿಂತಳು.

"ಬಿಟ್ಟು ಹೋದ್ರೆ ಓದಿಸಿದ ಖರ್ಚೆಲ್ಲ ವಾಪಸ್ ಕಟ್ಟಬೇಕು ಕಣೇ. ಅರವತ್ತು ಲಕ್ಷ ತೆಂಗೆ ದುಡ್ಡು! ನಿಮ್ಮಮ್ಮನ ಹತ್ರ ಇರೋದು ಎರಡು ಹಸು," ಎಂದೆ.

"ನನ್ನ ಹೆಣ್ಣು ಕೇಳಿರೋ ಯೆರ್ಸಿನ್ ಮನೆಯವರು ಕಟ್ತಾರಂತೆ, ಕುಲ್ಪಾಶಕ್ಕ. ಮದುವೆ ಆದ್ಮೇಲೆ ಶಿಮ್ಕೆಂತ್ ಪಟ್ಟಣದಲ್ಲೇ ಮಕ್ಕಳ ಹೃದಯದ ಡಾಕ್ಟರಿಕೆ ಓದ್ಬಹುದಂತೆ."

"ಪುಕ್ಕಟೆ ಕಟ್ಟೋಕೆ ಅವರೇನು ನಿನ್ನ ಸೋದರಮಾವನಾ?"

"ನಿಮಗೆ ಹೊಟ್ಟೆಯುರಿ," ಎಂದು ನಕ್ಕಳು.

ಹೊಟ್ಟೆಯುರಿಯೇ, ಅದರಲ್ಲಿ ಮುಚ್ಚುಮರೆಯೇನು? ನನ್ನ ಮೂವತ್ತು ವರ್ಷದ ಬೆನ್ನುನೋವಿಗೆ ಅರವತ್ತು ಕಾಸು ಕೊಡುವವರೂ ಹುಟ್ಟಲಿಲ್ಲ. ಅವಳು ಬ್ಯಾಗು ತುಂಬುವುದನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡಿನ ಮನೆ ನೋಡಲು ಹುಡುಗಿ ಹೋಗುವಂತಿಲ್ಲ. ಅವಳ ಅತ್ತಿಗೆ ಹೋಗಬೇಕು. ಜಾದಿರಾಳಿಗೆ ಅಪ್ಪನೂ ಇಲ್ಲ, ಅಣ್ಣನೂ ಇಲ್ಲ. ಅತ್ತಿಗೆಯ ಜಾಗಕ್ಕೆ ನನ್ನನ್ನು ಕರೆದಳು.

"ನನ್ನ ಕಣ್ಣಾಗಿ ನೋಡ್ಕೊಂಡು ಬನ್ನಿ ಅಕ್ಕ. ನೀವು ಬೇಡ ಅಂದ್ರೆ ಬೇಡ. ದೇವರಾಣೆ, ಇಲ್ಲೇ ಇದ್ದು ಮೂರು ವರ್ಷ ಮುಗಿಸ್ತೀನಿ."

ಅವಳ ತಾಯಿಯೂ ನಾನೂ ಹೋದೆವು. ಎರಡಂತಸ್ತಿನ ಮನೆ, ಹೆಜ್ಜೆಯೂರಿದರೆ ಹೂತುಹೋಗುವ ರತ್ನಗಂಬಳಿ. ಯೆರ್ಸಿನ್ ಟೀ ಬಗ್ಗಿಸಿಕೊಟ್ಟ, ಬಾಯಿ ಬಿಡಲಿಲ್ಲ. ಮಾತೆಲ್ಲ ಅವನ ತಾಯಿ ಜೇನೆಪ್‌ಳದು. ವರದಕ್ಷಿಣೆಯ ಪೆಟ್ಟಿಗೆ ಬೇಡ, ಕಂಬಳಿ ಬೇಡ, ಏನೂ ಬೇಡ ಎಂದಳು. ಹುಡುಗಿಯ ಅಮ್ಮ ಖುಷಿಯಲ್ಲಿ ಕಣ್ಣೊರೆಸಿಕೊಂಡಳು.

"ಹುಡುಗಿಗೆ ನಿದ್ದೆ ಗಾಢವೋ, ಕರೆದ ಕೂಡಲೇ ಏಳ್ತಾಳೋ?" ಜೇನೆಪ್ ನನ್ನನ್ನು ಕೇಳಿದಳು.

"ಏಳ್ತಾಳೆ."

"ಸೂಜಿ ಚುಚ್ಚೋ ಕೈ ಹೇಗೆ? ಭಾರ ಎತ್ತುತ್ತಾಳಾ?"

"ಸೊಸೆ ಹುಡುಕ್ತಾ ಇದೀರೋ, ಹಮಾಲಿನೋ?" ಎಂದೆ. ಎಲ್ಲರೂ ನಕ್ಕರು. ಜೇನೆಪ್ ನಗಲಿಲ್ಲ.

ಬಾಗಿಲಿನ ಎದುರಿನ ಹಿರಿಯರ ಜಾಗ ಖಾಲಿಯಿತ್ತು. ಯಜಮಾನರೆಲ್ಲಿ ಎಂದರೆ, ಕುದುರೆ ನೋಡೋಕೆ ಬೆಟ್ಟಕ್ಕೆ ಹೋಗಿದ್ದಾರೆ ಎಂದಳು. ಕೈ ತೊಳೆಯಲು ಎದ್ದಾಗ ಅಡುಗೆಮನೆಯ ಕಿಟಕಿಯಲ್ಲಿ ಮೂತಿಯಿರುವ ಬಟ್ಟಲೊಂದನ್ನು ಬೋರಲು ಹಾಕಿದ್ದು ಕಂಡಿತು. ಮಲಗಿದವರಿಗೆ ಕುಡಿಸುವ ಬಟ್ಟಲು. ನಡುಮನೆಯ ಕೊನೆಯಲ್ಲಿ ಮುಚ್ಚಿದ ಬಾಗಿಲು, ಅದರ ಸಂದಿಯಿಂದ ಕರ್ಪೂರದ ಸ್ಪಿರಿಟ್ಟಿನ ವಾಸನೆ. ಅದರ ಹಿಂದೆಯೇ ಇನ್ನೊಂದು, ಸಿಹಿ ಸಿಹಿಯಾದ ಕೊಳೆತ ವಾಸನೆ. ಹಾಸಿಗೆ ಹಿಡಿದವರ ಬೆನ್ನಹುಣ್ಣಿನದು. ನರ್ಸಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಳಗೆ ಯಾರೋ ನರಳಿದರು. ಯೆರ್ಸಿನ್ ಟೀವಿಯ ಸದ್ದು ಜೋರು ಮಾಡಿದ.

ನಾನು ವಾಪಸ್ ಬಂದು ಕೂತಾಗ ತಟ್ಟೆ ಬಂದಿತ್ತು. ಕುರಿಬಾಲದ ಕೊಬ್ಬು, ಈಲಿ. ಬೀಗರ ಕೈಯಿಂದ ಅದನ್ನು ತಿಂದರೆ ಮಾತು ಮುಗಿದಂತೆ. ಆಮೇಲೆ ಇಲ್ಲ ಎಂದ ಹೆಣ್ಣಿನ ಕಡೆಯವರನ್ನು ನಮ್ಮಲ್ಲಿ ನಾಯಿಯೂ ಮೂಸುವುದಿಲ್ಲ.

"ಸೋಮವಾರವೇ ದುಡ್ಡು ಕಟ್ಟಿ ಬಿಡಿಸ್ಕೋತೀವಿ," ಎಂದಳು ಜೇನೆಪ್, ದೊಡ್ಡಿಗೆ ಕೂಡಿದ ದನದ ವಿಷಯ ಮಾತಾಡುವಂತೆ. ಒಂದು ತುಂಡನ್ನು ನನ್ನ ತುಟಿಗೆ ಹಿಡಿದಳು. "ಬಾಯಿ ತೆಗೀರಿ."

ಬೇಡ ಎಂಬ ಒಂದು ಮಾತು ಸಾಕಿತ್ತು. ಆದರೆ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಮ್ಮನ್ನು ನಡುನೀರಿನಲ್ಲಿ ಬಿಟ್ಟು ಹೊರಟಳಲ್ಲ, ಅನುಭವಿಸಲಿ. ಬಾಯಿ ತೆರೆದೆ. ಕೊಬ್ಬು ಬಿಸಿಯಾಗಿತ್ತು, ಜಾರಿಕೊಂಡು ಇಳಿಯಿತು.

"ಮನೆ ಹೇಗಿದೆ ಅಕ್ಕ?" ಎಂದು ಜಾದಿರಾ ಬಸ್ಸಿನ ಹತ್ತಿರವೇ ಓಡಿ ಬಂದಳು.

"ದೊಡ್ಡ ಮನೆ," ಎಂದೆ.

ಐದು ತಿಂಗಳ ನಂತರ, ಮಟಮಟ ಮಧ್ಯಾಹ್ನ, ಲಸಿಕೆ ಹಾಕುತ್ತಿದ್ದಾಗ ಅವಳ ಫೋನು ಬಂತು. ಪಿಸುದನಿ.

"ಅಕ್ಕ, ನೂರಾ ಹತ್ತು ಕಿಲೋ ಮನುಷ್ಯನ್ನ ಒಬ್ಬಳೇ ಹೊರಳಿಸೋದು ಹೇಗೆ? ಹುಣ್ಣು ಮತ್ತೆ ಬಿಚ್ಕೋತಿದೆ. ನಮಗೆ ಇದನ್ನ ಯಾರೂ ಕಲಿಸಲಿಲ್ಲ."

"ಓದು ಎಲ್ಲಿಗೆ ಬಂತು?"

"ಮುಂದಿನ ವರ್ಷ ಅಂತಾರೆ. ನನ್ನ ಡಾಕ್ಟರಿಕೆ ಸರ್ಟಿಫಿಕೇಟು ಅತ್ತೆಯ ಬೀರುವಿನಲ್ಲಿದೆ. ಹೋಗ್ತೀನಿ ಅಂದ್ರೆ ಅರವತ್ತು ಲಕ್ಷ ಇಟ್ಟು ಹೋಗು ಅಂತಾರೆ." ಉಸಿರು ಎಳೆದುಕೊಂಡಳು. "ಮಾವನಿಗೆ ಐವತ್ತೆಂಟು. ನಾನೇ ಪರೀಕ್ಷೆ ಮಾಡಿದೆ ಅಕ್ಕ. ಹೃದಯ ಕಲ್ಲುಗುಂಡಿನ ಹಾಗೆ ಗಟ್ಟಿ ಇದೆ, ಇನ್ನೂ ಇಪ್ಪತ್ತು ವರ್ಷ ಏನೂ ಆಗಲ್ಲ. ಸರ್ಕಾರದ ಕಾಗದದಲ್ಲಿ ಮೂರು ವರ್ಷ ಅಂತ ಬರೆದಿತ್ತು. ಇಲ್ಲಿ ಕಾಗದಾನೇ ಇಲ್ಲ."

ಮೊದಲು ಆಚೆ ಬದಿಯ ಮೊಣಕಾಲು ಮಡಚಬೇಕು, ಆಮೇಲೆ ಭುಜ ಮತ್ತು ಸೊಂಟ ಹಿಡಿದು ನಿನ್ನ ಕಡೆಗೆ ಎಳೆದುಕೋ ಎಂದು ಹೇಳಿದೆ. ಅವಳು ಕೇಳಿಸಿಕೊಂಡಳು.

"ಅಕ್ಕ, ನೀವು ಬಂದಾಗಲೂ ಅವರು ಆ ಕೋಣೆಯಲ್ಲೇ ಇದ್ರಂತೆ. ನಿಮಗೆ ಗೊತ್ತಾಗಲಿಲ್ವಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಾಗಿತ್ತು," ಎಂದೆ.

ಬೈಯಲಿ, ಶಪಿಸಲಿ ಎಂದು ಕಾದೆ. ದೂರದಲ್ಲಿ ಜೇನೆಪ್‌ಳ ದನಿ "ಸೊಸೇ!" ಎಂದು ಕೂಗಿತು.

"ಸರಿ," ಎಂದಳು ಜಾದಿರಾ. "ಹೊರಳಿಸಿದ ಮೇಲೆ ದಿಂಬು ಎಲ್ಲಿಡಬೇಕು? ಬೇಗ ಹೇಳಿ."