ಹತ್ತನೆಯ ಸದಸ್ಯ

ಹಳಿಯಾಳದ ನಮ್ಮ ಪತ್ತಿನ ಸಂಘಕ್ಕೆ ಹತ್ತು ವರ್ಷವಾಯಿತು, ಇತಿಹಾಸವನ್ನು ಚೆಂದ ಮಾಡಿ ಬರೆಯಿರಿ ಎಂದು ಹೊಸ ಚೇರ್ಮನ್ನರು ಹೇಳಿದ್ದಾರೆ. ಚೆಂದ ಮಾಡುವುದು ನನ್ನಿಂದಾಗದು. ನಡೆದದ್ದನ್ನು ಬರೆಯುತ್ತೇನೆ.

೧೯೩೬ರಲ್ಲಿ ನಾನು ಇಲ್ಲಿ ಶಾಲಾ ಮಾಸ್ತರ. ಸಂಘ ನೋಂದಣಿಯಾಗಲು ಹತ್ತು ಜನರ ರುಜು ಬೇಕಿತ್ತು, ಒಂಬತ್ತು ಜನ ಆಗಿದ್ದೆವು. ಹತ್ತನೆಯವನು ಗಾಡಿಯ ನಬೀಸಾಬ. ಅವನ ಜೋಡೆತ್ತಿನಲ್ಲಿ ಒಂದು ಸತ್ತು, ಕುಳಗಿ ಕಾಡಿನಿಂದ ದಿಮ್ಮಿ ಹೇರುವ ಕೆಲಸ ನಿಂತುಹೋಗಿತ್ತು. ಸಂಘ ಹುಟ್ಟಿದರೆ ಸಾಲ, ಸಾಲ ಸಿಕ್ಕರೆ ಎತ್ತು, ಇಲ್ಲದಿದ್ದರೆ ಮನೆಯಲ್ಲಿ ಉಪವಾಸ.

ರುಜು ಹಾಕುವ ಸಭೆಯ ಹಿಂದಿನ ದಿನ ಅವನ ಮನೆಗೆ ಹೋದೆ. ಹೆಂಡತಿ ಮದೀನಾಬಿ ಒಬ್ಬಳೇ ಇದ್ದಳು. ನಾಳೆ ಶಾಲೆಯಲ್ಲಿ ಪತ್ತಿನ ಸಂಘ ಕೂಡುತ್ತದೆ, ಹತ್ತು ಮಂದಿ ಕೂತರೆ ಶುರು, ತಲಾ ಒಂದು ರೂಪಾಯಿ ಹಾಕಬೇಕು, ನಬೀಸಾಬನನ್ನು ಕಳಿಸು ಎಂದು ಹೇಳಿ ಬಂದೆ. ಅವಳ ಮುಖ ಕಪ್ಪಿಟ್ಟಿತು. ರೂಪಾಯಿಯ ಚಿಂತೆ ಇರಬೇಕೆಂದುಕೊಂಡೆ. ವ್ಯಾಕರಣ ಕಲಿಸುವವನ ತಲೆ ಇಷ್ಟೇ. ಅವರ ಮನೆಮಾತಿನಲ್ಲಿ ಪತ್ತೆ ಎಂದರೆ ಇಸ್ಪೀಟು.

ಮರುದಿನ ಸಂಘ ನೋಂದಾಯಿಸುವ ಸಾಹೇಬರು ಕಾರವಾರದಿಂದ ಬಂದರು. ಮಧ್ಯಾಹ್ನದ ಮೋಟಾರಿಗೆ ಹೋಗಬೇಕು, ಅಷ್ಟರಲ್ಲಿ ಹತ್ತು ರುಜು ಆಗದಿದ್ದರೆ ಇನ್ನು ಬರುವ ವರ್ಷವೇ ಎಂದು ಗಡಿಯಾರ ತೆಗೆದಿಟ್ಟರು. ನಾವು ಬಾಗಿಲು ನೋಡುತ್ತ ಕೂತೆವು. ಬಂದವಳು ಮದೀನಾಬಿ, ಸೆರಗಿನಲ್ಲಿ ಕೀಲಿಕೈ, ಕೈಯಲ್ಲಿ ಗಂಡನ ಬಾರಕೋಲು. ಬಂದವಳೇ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಸಾಹೇಬರು ಕಾಲು ಮೇಲೆತ್ತಿಕೊಂಡರು.

“ಎಲಿ ಎಲ್ಲಿ ಮುಚ್ಚಿಟ್ಟೀರಿ, ಮಾಸ್ತರ್ರ?”

“ಯಾವ ಎಲಿ, ತಂಗೀ?”

“ಇಸ್ಪೀಟ್ ಎಲಿ. ನಮ್ಮಪ್ಪ ಹಿಂಗ ತಲಾ ಒಂದ್ ರೂಪಾಯಿ ಹಾಕಿ ಹಾಕಿ ಮನಿ ಕಳದ. ಇವರನ್ನ ಒಳಗ ಹಾಕಿ ಕೀಲಿ ಜಡದ ಬಂದೇನಿ.”

ಉಳಿದವರು ನಕ್ಕರು. ನನಗೆ ನಾಚಿಕೆಯಾಯಿತು. ಪತ್ತು ಎಂದರೆ ನಂಬಿಗೆ, ನಂಬಿದವರಿಗೆ ಸಂಘ ಸಾಲ ಕೊಡುತ್ತದೆ ಎಂದು ಬಿಡಿಸಿ ಹೇಳಿದೆ. ಎತ್ತಿನ ಮಾತು ಬಂದಾಗ ಅವಳು ಬಾರಕೋಲು ಇಳಿಸಿದಳು. ಗಂಡನನ್ನು ಬಿಡಿಸಿ ತರಲು ಹೊತ್ತಿರಲಿಲ್ಲ, ಹೊರಗೆ ಮೋಟಾರು ಕೂಗುತ್ತಿತ್ತು. ಅವಳು ಸೆರಗಿನ ಗಂಟು ಬಿಚ್ಚಿ ರೂಪಾಯಿ ಇಟ್ಟು, ಹೆಬ್ಬೆಟ್ಟು ಮುಂದೆ ಮಾಡಿದಳು. ಹೆಂಗಸರಿಗೆ ಕಾಯಿದೆಯಲ್ಲಿ ಅಡ್ಡಿ ಇಲ್ಲವೇ ಎಂದು ಯಾರೋ ಕೇಳಿದರು. ಸಾಹೇಬರು ಬಾರಕೋಲಿನ ಕಡೆ ನೋಡಿ, ಇಲ್ಲ ಎಂದರು.

ತಿಂಗಳ ಮೇಲೆ ನಬೀಸಾಬ ಅರ್ಜಿ ಹಿಡಿದು ಬಂದ. ಸಾಲ ಸದಸ್ಯರಿಗೆ ಮಾತ್ರ ಎಂದು ಹೇಳಬೇಕಾಯಿತು. ಎತ್ತು ಮದೀನಾಬಿಯ ಹೆಸರಿನಲ್ಲೇ ಬಂತು. ಅವನು ಹಗ್ಗಕ್ಕೆ ಕೈ ಹಾಕಿದಾಗ ಅವಳು ನನ್ನೆದುರಿಗೇ ಹೇಳಿದಳು:

“ಹೂಡ್ಕೊಂಡ ಹೋಗ್ರಿ. ಸಂಜಿಕೆ ತಂದ ಕಟ್ರಿ. ನಿಮ್ಮ ಪತ್ತು ಹೆಂಗೈತಿ ನೋಡಿ, ನಾಳೆ ಮತ್ತ ಕೊಡ್ತೇನಿ.”