ಟಬ್ಬಿನೊಳಗಿನ ಹಸಿವು

ನಮ್ಮತ್ತೆ ರುಕ್ಮಿಣಮ್ಮನವರಿಗೆ ಹಸಿವೆಂದರೆ ಆಗದು. ತಮ್ಮ ಹಸಿವಲ್ಲ, ಬೇರೆಯವರದ್ದು. ಶನಿವಾರ ಮಾಲೇಕಲ್ಲಿನ ವೆಂಕಟರಮಣನ ಹೆಸರಲ್ಲಿ ಒಪ್ಪತ್ತು ಇರುತ್ತಾರೆ. ಹಸು, ನಾಯಿ, ಕಾಗೆ ಎಲ್ಲಕ್ಕೂ ಹಾಕಿದ ಮೇಲೆಯೇ ತಾವು ತಟ್ಟೆ ಮುಂದೆ ಕೂರುವುದು. ಇರುವೆ ಸಾಲು ಕಂಡರೂ ನಮ್ಮವ್ವ ಒಲೆ ಹಚ್ಚುತ್ತಾಳೆ ಎಂದು ನನ್ನ ಗಂಡ ಚೇತನ್‌ಕುಮಾರ್ ರೇಗಿಸುತ್ತಿದ್ದರು. ಬಿಕ್ಕೋಡಿನ ಈ ಮನೆಗೆ ಸೊಸೆಯಾಗಿ ಬಂದಾಗ ನಾನು ಅವರನ್ನು ಮೆಚ್ಚಿದ್ದೇ ಈ ಗುಣಕ್ಕೆ. ಈಗ ನೆನೆದರೆ ಮೈ ಉರಿಯುತ್ತದೆ.

ನನ್ನದು ಪ್ರಾಣಿಶಾಸ್ತ್ರದ ಓದು. ಯಗಚಿ ಹಿನ್ನೀರಿನಲ್ಲಿ ನಿಂತಿರುವ ಪಂಪ್‌ಹೌಸಿನ ಕಂಬಗಳ ಮೇಲೆ ಸ್ಪಂಜು ಬೆಳೆಯುತ್ತದೆ, ಬುಡದ ಕಲ್ಲುಸಂದಿಯಲ್ಲಿ ಕಪ್ಪೆಚಿಪ್ಪುಗಳಿರುತ್ತವೆ. ಎರಡೂ ನೀರನ್ನು ಸೋಸಿ ತಿನ್ನುವ ಜೀವಗಳು. ಒಂದೇ ಕಂಬದಲ್ಲಿದ್ದುಕೊಂಡು ಒಂದೇ ಊಟಕ್ಕೆ ಕಿತ್ತಾಡುತ್ತವೋ, ಬೇರೆ ಬೇರೆ ತಿಂದು ಬದುಕುತ್ತವೋ ಎಂಬುದು ನನ್ನ ಪ್ರಶ್ನೆ. ಅದೇ ಹೊತ್ತಿಗೆ ಡೆನ್ಮಾರ್ಕಿನವರು ಸಮುದ್ರದೊಳಗೆ ಗಾಳಿಯಂತ್ರಗಳನ್ನು ನೆಟ್ಟಿದ್ದರು. ಆ ಯಂತ್ರಗಳ ಕಾಲಿಗೆ ಮೆತ್ತಿಕೊಂಡ ಜೀವಗಳು ಏನು ತಿನ್ನುತ್ತವೆಂದು ನೋಡುತ್ತಿದ್ದ ಅಲ್ಲಿನ ಪ್ರೊಫೆಸರ್ ಒಬ್ಬರಿಗೆ ಬರೆದೆ. ಈ ಪ್ರಯೋಗದ ಫಲಿತಾಂಶ ಜುಲೈ ಒಳಗೆ ಬಂದರೆ ತಮ್ಮಲ್ಲಿ ಸಂಶೋಧನೆಗೆ ಜಾಗ ಕೊಡುವುದಾಗಿ ಹೇಳಿದರು. ನನಗೆ ಮೂವತ್ತು ದಾಟಿತ್ತು. ಇದು ತಪ್ಪಿದರೆ ಇನ್ನೊಂದು ಸಿಗುವುದಿಲ್ಲವೆಂದು ಗೊತ್ತಿತ್ತು.

ಬೇಸಿಗೆಯ ಕೊನೆಯಲ್ಲಿ ಮೊಳಕಾಲುದ್ದ ನೀರಿನಲ್ಲಿ ಕಂಬದ ತನಕ ನಡೆದುಹೋಗಿ ಸ್ಪಂಜನ್ನೂ ಚಿಪ್ಪುಗಳನ್ನೂ ತಂದು ಹಿತ್ತಲಲ್ಲಿ ದೊಡ್ಡ ಟಬ್ಬಿಗೆ ಬಿಟ್ಟೆ. ಮೊದಲು ಅವುಗಳ ಹೊಟ್ಟೆ ಖಾಲಿಯಾಗಬೇಕು. ಆಮೇಲೆ ಮೈಸೂರಿನಿಂದ ಪಾಚಿ ತಂದು ಹಾಕಿ, ಯಾವುದು ಎಷ್ಟು ತಿನ್ನುತ್ತದೆಂದು ನೋಡಬೇಕು.

"ಇವು ಏನ್ ತಿಂತಾವೆ ನಯನಾ?" ಎಂದರು ಅತ್ತೆ.

"ನೀರಲ್ಲಿ ಏನ್ ತೇಲಿದ್ರೆ ಅದನ್ನ. ಆದ್ರೆ ಈಗ ಏನೂ ಹಾಕ್ಬಾರ್ದು ಅತ್ತೆ. ನಾನು ಬರೋವರೆಗೂ ಹಸ್ಕೊಂಡಿರ್ಲಿ."

ಅವರು ಟಬ್ಬನ್ನೇ ನೋಡುತ್ತ ನಿಂತರು.

ಮೈಸೂರಿನಲ್ಲಿ ಪಾಚಿ ಸಿದ್ಧವಿರಲಿಲ್ಲ, ಕಾಯಬೇಕಾಯಿತು. ಅಷ್ಟರಲ್ಲಿ ಮಳೆ ಹಿಡಿಯಿತು. ಪಾಚಿಯ ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ವಾಪಸು ಬರುವಾಗ ಹಿನ್ನೀರು ಕೆಂಪಗೆ ಏರಿತ್ತು. ಏರಲಿ, ನನಗೆ ಬೇಕಾದ್ದು ಮನೆಯಲ್ಲಿದೆ ಎಂದುಕೊಂಡೆ.

ಹಿತ್ತಲಿಗೆ ಕಾಲಿಟ್ಟ ಕೂಡಲೇ ನಾತ ಬಡಿಯಿತು. ಟಬ್ಬಿನ ನೀರು ಬೆಳ್ಳಗಾಗಿ ಮೇಲೆ ನೊರೆ ಕಟ್ಟಿತ್ತು. ಕೈ ಹಾಕಿದರೆ ಸ್ಪಂಜು ಬೆರಳಲ್ಲೇ ಕರಗಿತು. ಚಿಪ್ಪುಗಳೆಲ್ಲ ಬಾಯಿ ಬಿಟ್ಟುಕೊಂಡಿದ್ದವು, ಮುಟ್ಟಿದರೆ ಒಂದೂ ಮುಚ್ಚಲಿಲ್ಲ.

"ಏನ್ ಹಾಕಿದ್ರಿ?"

"ಗಂಜಿ ಕಣವ್ವ, ತೆಳ್ಳಗೆ. ನಿನ್ ಕೆಲ್ಸ ಕೈಗೂಡ್ಲಿ ಅಂತ ಶನಿವಾರ ಒಪ್ಪತ್ತಿದ್ದೆ. ಉಣ್ಣಾಕೆ ಕೂತ್ರೆ ಇವೇ ಕಣ್ಮುಂದೆ. ಮನೇಲಿ ಜೀವ ಹಸ್ಕಂಡಿದ್ರೆ ತುತ್ತು ಇಳೀತೈತಾ? ಒಂದ್ ಲೋಟ ಬಿಟ್ಟೆ. ಮಾರನೇ ದಿನ ನೋಡಿದ್ರೆ ಎಲ್ಲಾ ಬಾಯಿ ಬಿಟ್ಕಂಡಿದ್ವು. ಪಾಪ, ಇನ್ನೂ ಹಸಿವು ಆರಿಲ್ಲ ಅಂತ ಚೆಂಬು ತುಂಬ ಹುಯ್ದೆ."

ಮೊದಲ ಲೋಟದ ಗಂಜಿಯೇ ಹುಳಿತು ನೀರು ಕೆಡಿಸಿತ್ತು. ಸತ್ತ ಚಿಪ್ಪು ಬಾಯಿ ಬಿಡುತ್ತದೆ. ಅದು ಅವರಿಗೆ ಹೇಗೆ ಗೊತ್ತಾಗಬೇಕು?

"ಅವು ಸತ್ತಿದ್ವು ಅತ್ತೆ," ಎಂದೆ. ಬೈದಿದ್ದರೆ ಇಬ್ಬರಿಗೂ ಒಳ್ಳೆಯದಿತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಬೆಳಿಗ್ಗೆ ರುಕ್ಮಿಣಮ್ಮನವರು ಮನೆಯಲ್ಲಿರಲಿಲ್ಲ. ಟಬ್ಬು ಹಿಡಿದು ಮೊದಲ ಬಸ್ಸಿಗೆ ಹೋದರೆಂದು ಪಕ್ಕದ ಮನೆಯವರು ಹೇಳಿದರು. ನಾನು ಹೋಗಿ ನೋಡಿದಾಗ ಹಿನ್ನೀರಿನ ದಡದಲ್ಲಿ ಕೂತಿದ್ದರು. ಸೀರೆ ಸೊಂಟದವರೆಗೆ ನೆನೆದಿತ್ತು, ತೊಳೆದ ಟಬ್ಬು ಪಕ್ಕದಲ್ಲಿತ್ತು. ಕಂಬದ ಬುಡ ಆಳ ನೀರಿನಡಿ ಸೇರಿಹೋಗಿತ್ತು.

"ನೀರು ಯಾವಾಗ ಇಳೀತೈತೆ?"

"ಬರೋ ಬೇಸಿಗೆಗೆ."

"ಆ ಪ್ರೊಫೆಸರ್ರು ಅಲ್ಲೀಗಂಟ ಕಾಯಾಕಿಲ್ವಾ?"

"ಇಲ್ಲ ಅತ್ತೆ."

ಸೀರೆಯ ಒದ್ದೆ ನೆರಿಗೆ ಹಿಂಡಿದರು. "ಇನ್ಮೇಲೆ ಮನೇಲಿ ಯಾರ್ಗೂ ನಾನು ಬಡ್ಸಾಕಿಲ್ಲ ಕಣವ್ವ. ನನ್ ಕೈ ಒಳ್ಳೇದಲ್ಲ."

ಹಾಗನ್ನಬೇಡಿ ಎಂದು ಒಂದು ಮಾತು ಹೇಳಬೇಕಿತ್ತು. ಹೇಳಲು ಮನಸ್ಸು ಬರಲಿಲ್ಲ. ಟಬ್ಬನ್ನೆತ್ತಿಕೊಂಡು ಬಸ್ಸಿನ ಕಡೆಗೆ ನಡೆದೆ.