ಮಂಗಳವಾರದ ಸಾಕ್ಷಿ

ಲಿಫ್ಟ್ ಮೇಸ್ತ್ರಿಗೆ ಕಂಪನಿಯವರೆಲ್ಲ ಸೇರಿ ಇಟ್ಟ ಹೆಸರು ‘ಮಂಗಳವಾರ’. ಬೆನ್ನ ಹಿಂದೆ ಪಿಸುಗುಡುವ ಅಡ್ಡಹೆಸರಲ್ಲ ಅದು. ಎದುರಿಗೇ ಕರೆಯುತ್ತಿದ್ದರು, ಆತನೂ ಓಗೊಡುತ್ತಿದ್ದ. ಮೂವತ್ತೊಂದು ವರ್ಷಗಳಿಂದ ಆತ ಲಿಫ್ಟುಗಳ ಉಕ್ಕಿನ ಹಗ್ಗವನ್ನು ತಪಾಸಣೆ ಮಾಡುತ್ತಿದ್ದುದು ಮಂಗಳವಾರ ಮಾತ್ರ. ಸೋಮವಾರ ದೂರುಗಳ ದಿನ. ರಜೆಯಲ್ಲಿ ಕೈಕೊಟ್ಟ ಲಿಫ್ಟುಗಳೆಲ್ಲ ಅಂದು ಒಟ್ಟಿಗೇ ಬಾಯಿ ಬಿಡುತ್ತವೆ. ಬುಧವಾರದಿಂದಾಚೆ ಹೊಸ ಕಟ್ಟಡಗಳ ಕೆಲಸ. ನಡುವೆ ಉಳಿಯುವ ಆ ಒಂದು ದಿನ, ತಲೆ ತಣ್ಣಗಿರುವಾಗ, ಹಗ್ಗದುದ್ದಕ್ಕೂ ಬಟ್ಟೆಯ ತುಂಡನ್ನು ಸವರಿ, ಮುರಿದ ಎಳೆ ಎಲ್ಲಾದರೂ ಸಿಕ್ಕಿಕೊಳ್ಳುತ್ತದೆಯೇ ಎಂದು ನೋಡಬೇಕೆಂಬುದು ಆತನ ಹಠ.

ಅಂಥವನನ್ನು ಆ ಗುರುವಾರ ಬೆಳಿಗ್ಗೆ ಮ್ಯಾನೇಜರು ತಮ್ಮ ಕೋಣೆಗೆ ಕರೆಸಿ, ಕೂರಲೂ ಹೇಳದೆ, ಒಂದು ಕಾಗದ ಮುಂದಿಟ್ಟರು.

“ಮೇಸ್ತ್ರಿಗಳೇ, ಹೆರಿಗೆ ಆಸ್ಪತ್ರೆಯವರು ತಪಾಸಣೆ ತಾರೀಖು ಕೇಳಿದ್ದಾರೆ. ಕಂಪ್ಯೂಟರಿನ ಶೀಟಿನಲ್ಲಿ ಜುಲೈ ಹತ್ತು ಅಂತಿದೆ. ಮೂರು ತಿಂಗಳಿಗೊಮ್ಮೆ ಆಗ್ಬೇಕಾದ್ದು. ಇವತ್ತು ನವೆಂಬರ್ ಹದಿಮೂರು.”

“ಹೋದ ತಿಂಗಳ ಮೊದಲ ಮಂಗಳವಾರ ನಾನೇ ನೋಡಿ ಬಂದಿದೀನಿ ಸಾರ್. ಆ ಲಿಫ್ಟಿಗೆ ನಾನು ಕಂಪ್ಯೂಟರ್ ಕೊಡೋ ಪಟ್ಟಿಗೂ ಕಾಯೋದಿಲ್ಲ. ಬಸುರಿಯರು ಹತ್ತಿ ಇಳಿಯೋ ಲಿಫ್ಟು.”

“ಬರೆದಿಟ್ಟ ಕಾರ್ಡು?”

ಯಂತ್ರದ ಕೋಣೆಗೆ ಬಣ್ಣ ಹೊಡೆದವರು ಗೋಡೆಯ ಕಾರ್ಡನ್ನು ಕಿತ್ತೆಸೆದಿದ್ದರು. ಮೇಸ್ತ್ರಿ ಕಚೇರಿಗೆ ಕೊಟ್ಟಿದ್ದ ಚೀಟಿಯನ್ನು ಹಿಂದಿನ ಗುಮಾಸ್ತ ಕಂಪ್ಯೂಟರಿಗೆ ಹತ್ತಿಸಿ, ಹರಿದು ಬುಟ್ಟಿಗೆ ಹಾಕಿ, ತಾನೂ ಬೇರೆ ಕೆಲಸ ಹಿಡಿದು ಹೋಗಿದ್ದ.

“ನಿಮ್ಮ ನೆನಪನ್ನ ಲಕೋಟೆಯಲ್ಲಿ ಹಾಕಿ ಕಳಿಸೋಕಾಗುತ್ತಾ?” ಎಂದರು ಮ್ಯಾನೇಜರು. “ಮೂರು ಗಂಟೆಗೆ ಉತ್ತರ ಹೋಗ್ಬೇಕು. ಮೇಸ್ತ್ರಿಯ ಅಲಕ್ಷ್ಯ ಅಂತ ಬರೆಯೋದು ಬಿಟ್ಟು ನನಗೆ ಬೇರೆ ದಾರಿ ಕಾಣ್ತಿಲ್ಲ. ನಾಳೆಯಿಂದ ಹಗ್ಗದ ಕೆಲಸ ಬೇರೆಯವರಿಗೆ.”

ಮೇಸ್ತ್ರಿ ಹೊರಬಂದವನು ನೇರ ಕಿಟಕಿಯ ಪಕ್ಕದ ಮೇಜಿಗೆ ನಡೆದ. ಆ ಮೇಜಿನಲ್ಲಿ ಎರಡು ವಾರದ ಹಿಂದೆ ಗುಮಾಸ್ತೆಯಾಗಿ ಸೇರಿದ್ದ ಆತನ ತಂಗಿಯ ಮಗಳು ಕೂತಿದ್ದಳು. ಕಚೇರಿಯಲ್ಲಿ ‘ಸಾರ್’ ಎನ್ನಬೇಕೆಂದು ಆತ ಕಟ್ಟಪ್ಪಣೆ ಮಾಡಿದ್ದರೂ ಅವಳ ಬಾಯಲ್ಲಿ ಬರುತ್ತಿದ್ದುದು ‘ಮಾವ’ ಒಂದೇ.

“ಮಾವ, ಮುಖ ಯಾಕೆ ಹೀಗೆ ಗಂಟು ಹಾಕ್ಕೊಂಡಿದೀರಿ?”

ಆತ ಹೇಳಿದ. ಅವಳು ಶೀಟನ್ನು ತೆರೆದಳು. ಎಂಬತ್ತನಾಲ್ಕು ಲಿಫ್ಟು, ಒಂದೊಂದಕ್ಕೆ ಕೊನೆಯ ನಾಲ್ಕು ತಪಾಸಣೆ. ಒಟ್ಟು ಮುನ್ನೂರ ಮೂವತ್ತಾರು ತಾರೀಖು. ಕೆಲವು ತಮ್ಮ ಚೌಕದಲ್ಲಿ ಎಡಗೋಡೆಗೆ ಒರಗಿದ್ದವು, ಕೆಲವು ಬಲಗೋಡೆಗೆ.

“ಎಡಕ್ಕೆ ಒರಗಿರೋದು ತಾರೀಖಲ್ಲ ಮಾವ, ಬರೀ ಅಕ್ಷರ. ನಮ್ಮ ಕಣ್ಣಿಗೆ ತಾರೀಖು, ಕಂಪ್ಯೂಟರಿಗೆ ಗೋಡೆ ಬರಹ. ಅದರ ಪ್ರಕಾರ ತಾರೀಖು ಅಂದ್ರೆ ಒಂದು ಸಂಖ್ಯೆ, ಯಾವುದೋ ಹಳೇ ದಿನದಿಂದ ಇಲ್ಲೀವರೆಗೆ ಎಷ್ಟು ದಿನ ಆಯ್ತು ಅನ್ನೋ ಎಣಿಕೆ. ಎಣಿಕೆಯಾದ್ರೆ ಕೂಡಬಹುದು, ಕಳೆಯಬಹುದು. ಅಕ್ಷರವನ್ನ ಏನ್ ಮಾಡೋದು?”

“ಹಾಗಾದ್ರೆ ತಪ್ಪಿರೋದು ಎಡಗಡೆಯವು.”

“ನೋಡೋಣ.”

ಅವಳು ಎಡಕ್ಕೆ ಒರಗಿದ್ದ ಇನ್ನೂರ ನಾಲ್ಕನ್ನು ಹೆಕ್ಕಿ ಬೇರೆ ಮಾಡಿದಳು. ಪ್ರತಿಯೊಂದನ್ನೂ ಅಂಕಿಗಳ ನಡುವೆ ಓರೆಗೆರೆಯಿದ್ದಲ್ಲಿ ಕತ್ತರಿಸಿ, ದಿನ, ತಿಂಗಳು, ವರ್ಷ ಎಂದು ಮೂರು ಕಂಬಗಳಲ್ಲಿ ನಿಲ್ಲಿಸಿ, ಒಂದು ಸೂತ್ರ ಬರೆದು ಮತ್ತೆ ಬೆಸೆದಳು. ಅಷ್ಟೂ ತಾರೀಖುಗಳು ಒಮ್ಮೆಗೇ ಬಲಕ್ಕೆ ಸರಿದು ಸಾಲಾಗಿ ನಿಂತವು. ಸವೆದ ಹಗ್ಗದ ತುದಿಯನ್ನು ಬಿಚ್ಚಿ, ಎಳೆಗಳನ್ನು ವಿಂಗಡಿಸಿ, ಮತ್ತೆ ಹೆಣೆಯುವ ಪಳಗಿದ ಕೈಯನ್ನು ಮೇಸ್ತ್ರಿ ತನ್ನ ಗುರುವಿನಲ್ಲಿ ಕಂಡಿದ್ದ. ಅದೇ ಅವಸರವಿಲ್ಲದ ಕೈ ಈ ಹುಡುಗಿಗೆ ಎಲ್ಲಿಂದ ಬಂತು ಎಂದು ಬೆರಗಾದ.

“ಸರಿಯೋ ತಪ್ಪೋ ಹೇಗೆ ಗೊತ್ತಾಗುತ್ತೆ ಕೂಸೇ?”

“ಸಾಕ್ಷಿ ಹೇಳೋಕೆ ನೀವಿದೀರಲ್ಲ,” ಎಂದು ನಕ್ಕು ಅವಳು ಪಕ್ಕದಲ್ಲಿ ಇನ್ನೊಂದು ಕಂಬ ಎಬ್ಬಿಸಿದಳು. ಪ್ರತಿ ತಾರೀಖಿನ ಎದುರು ಅದರ ವಾರ ಮೂಡಿತು. ಮಂಗಳವಾರ, ಮಂಗಳವಾರ, ಮಂಗಳವಾರ. ಇನ್ನೂರ ನಾಲ್ಕೂ ಮಂಗಳವಾರ.

ಮೇಸ್ತ್ರಿ ಪರದೆಯತ್ತ ಬಾಗಿದ. ತನ್ನ ಮಂಗಳವಾರಗಳು ಹೀಗೆ ಸಾಲುಗಟ್ಟಿ ನಿಂತದ್ದನ್ನು ಆತ ಎಂದೂ ಕಂಡಿರಲಿಲ್ಲ.

ಅವಳು ಅದೇ ಸೂತ್ರವನ್ನು ಮೊದಲಿನಿಂದಲೂ ಬಲಕ್ಕೆ ನಿಂತಿದ್ದ ನೂರ ಮೂವತ್ತೆರಡಕ್ಕೆ ಎಳೆದಳು. ಗುರುವಾರ, ಶನಿವಾರ, ಸೋಮವಾರ. ಭಾನುವಾರಗಳೂ ಇದ್ದವು.

“ಭಾನುವಾರ ನಾನು ಹಗ್ಗ ನೋಡಿದ್ನಾ? ನಿಮ್ಮತ್ತೆ ನನ್ನನ್ನ ಮನೆಯಿಂದ ಹೊರಗೆ ಬಿಟ್ಟಿದ್ರೆ ತಾನೆ!”

“ಅದೇ ನೋಡಿ ಮಾವ. ಎಲ್ಲರೂ ಎಡಗಡೆಯವರನ್ನ ಕಳ್ಳರು ಅಂದ್ಕೊಂಡ್ವಿ. ಅವರು ಪಾಪದವರು. ಕಳ್ಳರು ಸಭ್ಯರ ಹಾಗೆ ಬಲಗಡೆ ನಿಂತಿದಾರೆ.” ಅವಳು ಪರದೆಗೆ ಬೆರಳಿಟ್ಟಳು. “ನೀವು ಚೀಟಿಯಲ್ಲಿ ದಿನ ಮೊದಲು ಬರೀತೀರಿ. ಈ ಕಂಪ್ಯೂಟರನ್ನ ತಿಂಗಳು ಮೊದಲು ಓದೋ ಹಾಗೆ ಇಟ್ಟಿದ್ರು. ಹದಿನೈದನೇ ತಾರೀಖು ಬಂದ್ರೆ, ಹದಿನೈದನೇ ತಿಂಗಳು ಯಾವುದಪ್ಪಾ ಅಂತ ಕಕ್ಕಾಬಿಕ್ಕಿಯಾಗಿ ಅಕ್ಷರವಾಗೇ ಬಿಟ್ಟಿದೆ. ಹನ್ನೆರಡರ ಒಳಗಿದ್ರೆ ಸದ್ದಿಲ್ಲದೆ ತಿರುಗಿಸಿ ನುಂಗಿದೆ. ನಿಮ್ಮ ಏಳು, ಹತ್ತು ಅದಕ್ಕೆ ಏಳನೇ ತಿಂಗಳ ಹತ್ತು.”

“ಅಕ್ಟೋಬರ್ ಏಳು,” ಎಂದ ಮೇಸ್ತ್ರಿ, ನಿಧಾನವಾಗಿ. “ಮೊದಲ ಮಂಗಳವಾರ.”

ಕಂಪ್ಯೂಟರನ್ನು ದಿನ ಮೊದಲು ಓದುವಂತೆ ಬದಲಿಸಿ, ತಿರುಗಿದ್ದನ್ನು ಅವಳು ತಿರುಗಿಸಿದಳು. ತಿಂಗಳಾಗಿ ಕೂತದ್ದನ್ನು ದಿನದ ಜಾಗಕ್ಕೆ, ದಿನವನ್ನು ತಿಂಗಳ ಜಾಗಕ್ಕೆ. ಮುನ್ನೂರ ಮೂವತ್ತಾರು ಮಂಗಳವಾರಗಳು ಮೇಲಿಂದ ಕೆಳಗೆ ಒಂದೇ ತೂಗುಗೆರೆಯಲ್ಲಿ ಇಳಿದವು. ಗಂಟೆ ಇನ್ನೂ ಒಂದೂವರೆ.

ಅಲ್ಲಿಗೆ ನಿಲ್ಲಿಸಿದ್ದರೂ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಆದರೆ ಅವಳು ತಪಾಸಣೆ ಆಗಬೇಕಾದವುಗಳ ಪಟ್ಟಿಯನ್ನು ಹೊಸದಾಗಿ ತೆಗೆದಳು, ತೆಗೆದವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಏನದು?”

“ಗ್ರಂಥಾಲಯದ ಲಿಫ್ಟು, ಮಾವ. ಶೀಟಿನಲ್ಲಿ ಅಕ್ಟೋಬರ್ ಆರು ಅಂತಿತ್ತು. ನಿಜವಾದ್ದು ಜೂನ್ ಹತ್ತು. ಸೆಪ್ಟೆಂಬರಿನಲ್ಲಿ ಆಗ್ಬೇಕಿತ್ತು. ಪಟ್ಟಿಯಲ್ಲಿ ಬರಲೇ ಇಲ್ಲ.” ಅವಳು ಆತನ ಮುಖ ನೋಡಲಿಲ್ಲ. “ನಿಮ್ಮ ತಪ್ಪಲ್ಲ.”

ಮೇಸ್ತ್ರಿ ಆ ಒಂದು ಸಾಲನ್ನು ಮತ್ತೊಮ್ಮೆ ಓದಿದ. ಮಾವನ ಮಾನ ಉಳಿಯಿತೆಂದು ಶೀಟು ಮುಚ್ಚಿಬಿಡುವುದು ಅವಳಿಗೆ ಎಷ್ಟು ಸುಲಭವಿತ್ತು! ತನ್ನ ಕೈಕೆಳಗೆ ಪಳಗಿದ ಗಟ್ಟಿಗರಲ್ಲೂ ಇಂಥ ನೆಟ್ಟನೆಯ ಬೆನ್ನು ಇಬ್ಬರಿಗೋ ಮೂವರಿಗೋ ಇದ್ದೀತು.

“ಪಟ್ಟಿ ಹೇಳಲಿಲ್ಲ ಅಂತ ಹಗ್ಗ ಸವೆಯದೆ ಇರುತ್ತಾ? ಆಸ್ಪತ್ರೆಯದನ್ನ ನೆನಪಿಟ್ಟವನು ಅದನ್ನ ಮರೆತೆ. ಎರಡನ್ನೂ ಒಂದೇ ಹಾಳೆಯಲ್ಲಿ ಸಾಹೇಬ್ರಿಗೆ ಕೊಡು. ಗ್ರಂಥಾಲಯಕ್ಕೆ ಫೋನ್ ಮಾಡಿ ಲಿಫ್ಟ್ ನಿಲ್ಲಿಸೋಕೆ ಹೇಳು.” ಆತ ಚೀಲ ಹೆಗಲಿಗೇರಿಸಿದ.

“ಮಾವ, ಇವತ್ತು ಗುರುವಾರ!”

“ಗೊತ್ತು ಕಣೇ.”

ಎರಡೂವರೆಗೆ ಮ್ಯಾನೇಜರು ಅವಳು ಕೊಟ್ಟ ಹಾಳೆಯನ್ನು ಎರಡು ಸಲ ಓದಿ, ಮೊದಲು ಬರೆಸಿದ್ದ ಕಾಗದವನ್ನು ತಾವೇ ಹರಿದು, “ಹಗ್ಗ ಅವರ ಹತ್ತಿರವೇ ಇರಲಿ. ಪಟ್ಟಿ ನಿನ್ನ ಹತ್ತಿರ,” ಎಂದರು.

ನಾಲ್ಕಕ್ಕೆ ಫೋನ್ ಬಂತು. ಗ್ರಂಥಾಲಯದ ಯಂತ್ರದ ಕೋಣೆಯಿಂದ ಮೇಸ್ತ್ರಿಯ ಸ್ವರ: “ಎರಡು ಎಳೆ ಮುರಿದಿವೆ. ಅಪಾಯ ಅನ್ನೋ ಹಾಗಿಲ್ಲ, ಆದ್ರೂ ಹಗ್ಗ ಬದಲಾಯಿಸೋವರೆಗೂ ಲಿಫ್ಟ್ ನಿಂತಿರಲಿ. ಬರ್ಕೊಂಡ್ಯಾ?”

“ಬರ್ಕೊಂಡೆ. ತಾರೀಖು ಹಾಕಿದ್ರೆ ನಿಮ್ಮ ಮಂಗಳವಾರದ ಸಾಲು ಕೆಡುತ್ತಲ್ಲ ಮಾವ.”

“ಕೆಡಲಿ. ಇದ್ದದ್ದು ಇದ್ದ ಹಾಗೆ ಹಾಕು.”

ಅವಳು ಹಾಕಿದಳು. ಮಂಗಳವಾರಗಳ ನಡುವೆ ಒಂದೇ ಒಂದು ಗುರುವಾರ ಬಲಕ್ಕೆ ಸರಿದು ನಿಂತಿತು.